ಸುಖಕ್ಕೆ ಎಷ್ಟು ಹಣ ಬೇಕು?

ದೇಶ ಸಿರಿವಂತವಾದರೆ ಜನರೂ ಸುಖಿಗಳಾಗುತ್ತಾರೆಯೇ? 1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಈ ಪ್ರಶ್ನೆಯನ್ನು ಅಂಕಿಅಂಶಗಳ ಮುಂದಿಟ್ಟರು. ಒಂದು ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ನೆಮ್ಮದಿಯಾಗಿದ್ದರು. ಆದರೆ ಎರಡನೇ ಮಹಾಯುದ್ಧದ ನಂತರ ಅಮೆರಿಕನ್ನರ ಆದಾಯ ಏರುತ್ತ ಹೋದರೂ ಅವರು ಹೇಳಿಕೊಂಡ ಸುಖ ಅದರ ಜೊತೆ ಏರಿರಲಿಲ್ಲ. ಮನುಷ್ಯ ತನ್ನ ಗಳಿಕೆಯನ್ನು ಅಕ್ಕಪಕ್ಕದವರ ಗಳಿಕೆಯ ಜೊತೆ ಇಟ್ಟು ತೂಗುತ್ತಾನೆ ಎಂಬುದು ಈಸ್ಟರ್ಲಿನ್ ಕೊಟ್ಟ ಕಾರಣ.

1978ರಲ್ಲಿ ಇಲಿನಾಯ್ ಲಾಟರಿ ಗೆದ್ದವರ ಅಧ್ಯಯನವೊಂದು ಬಂತು. ಗೆದ್ದವರು ಉಳಿದವರಿಗಿಂತ ಹೆಚ್ಚೇನೂ ಸುಖವಾಗಿಲ್ಲ ಎಂಬ ಅದರ ಮಾತು ಜಗತ್ತನ್ನೆಲ್ಲ ಸುತ್ತಿತು. ಮಾತನಾಡಿಸಿದ ವಿಜೇತರು 22 ಮಂದಿ ಮಾತ್ರ! ಸ್ವೀಡನ್ನಿನ ಸಾವಿರಾರು ಲಾಟರಿ ಆಟಗಾರರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ಮೊತ್ತ ಗೆದ್ದವರ ಬದುಕಿನ ತೃಪ್ತಿ ಹೆಚ್ಚಿತ್ತು; ಅದು ಹತ್ತು ವರ್ಷ ಕಳೆದರೂ ಇಳಿದಿರಲಿಲ್ಲ.

ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಒಂದು ಗೆರೆ ಎಳೆದರು: ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಹೆಚ್ಚುವುದಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮೊಬೈಲ್ ಮೂಲಕ ಜನರ ಆಯಾ ಕ್ಷಣದ ಭಾವನೆ ಕೇಳಿ, ಅಂಥ ಗೆರೆಯೇ ಇಲ್ಲವೆಂದರು. ಆಮೇಲೆ ನಡೆದದ್ದು ನನಗೆ ಈ ಚರಿತ್ರೆಯಲ್ಲೇ ಅತಿ ಮೆಚ್ಚುಗೆಯ ಘಟ್ಟ. ಕಾನೆಮನ್ ಹಟ ಹಿಡಿಯಲಿಲ್ಲ; ಎದುರಾಳಿಯ ಜೊತೆ ಕೂತು ಲೆಕ್ಕವನ್ನು ಮತ್ತೆ ನೋಡಿದರು. 2023ರ ಅವರ ಜಂಟಿ ಪ್ರಬಂಧದ ಪ್ರಕಾರ ಹೆಚ್ಚಿನವರ ಸಂತೋಷ ಆದಾಯದ ಜೊತೆ ಏರುತ್ತಲೇ ಹೋಗುತ್ತದೆ. ಏರಿಕೆ ನಿಲ್ಲುವುದು ಅತಿ ಅಸುಖಿಗಳಾದ ಸುಮಾರು ಶೇ. 20ರಷ್ಟು ಜನರಲ್ಲಿ, ಅದೂ ಸುಮಾರು ಒಂದು ಲಕ್ಷ ಡಾಲರ್ ಆದ ಮೇಲೆ. ಅಗಲಿಕೆ, ಖಿನ್ನತೆಯಂಥ ನೋವುಗಳಿಗೆ ಅಲ್ಲಿಂದಾಚೆಗೆ ಹಣ ಮದ್ದಾಗಲಾರದು ಎಂದು ಅವರು ಊಹಿಸಿದರು.

ಲಕ್ಷ ಡಾಲರಿನ ಈ ಚರ್ಚೆಗಿಂತ ನಮಗೆ ಹತ್ತಿರದ್ದು ತಮಿಳುನಾಡಿನ ಕಬ್ಬು ಬೆಳೆಗಾರರ ಅಧ್ಯಯನ. 2013ರಲ್ಲಿ ಪ್ರಕಟವಾದ ಇದರಲ್ಲಿ ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು 464 ರೈತರಿಗೆ ಕಟಾವಿನ ಮೊದಲೊಮ್ಮೆ, ಆಮೇಲೊಮ್ಮೆ ಬುದ್ಧಿಗೆ ಸಂಬಂಧಿಸಿದ ಪರೀಕ್ಷೆ ಕೊಟ್ಟರು. ಕಟಾವಿಗೆ ಮುಂಚೆ ಸಾಲ ಹೆಚ್ಚು, ಗಿರವಿ ಹೆಚ್ಚು, ಅಂಕ ಕಡಿಮೆ. ಹಣ ಕೈ ಸೇರಿದ ಮೇಲೆ ಅದೇ ರೈತ ಚೆನ್ನಾಗಿ ಉತ್ತರಿಸಿದ. ಕಟಾವಿನ ಸರದಿ ಒಬ್ಬೊಬ್ಬರಿಗೆ ಒಂದೊಂದು ತಿಂಗಳಲ್ಲಿ ಬಂದಿದ್ದರಿಂದ ಇದು ಹಬ್ಬದ ಅಥವಾ ಹವೆಯ ಪ್ರಭಾವ ಎನ್ನುವಂತಿರಲಿಲ್ಲ. ಹಣದ ಚಿಂತೆ ತಲೆಯೊಳಗಿನ ಜಾಗವನ್ನೇ ನುಂಗಿಹಾಕುತ್ತದೆ. ಬಡವನ ತಪ್ಪು ತೀರ್ಮಾನಗಳಿಗೆ ಅವನ ದಡ್ಡತನವೇ ಕಾರಣವೆಂದವರು ಈ ಪ್ರಬಂಧವನ್ನು ಓದಬೇಕು.

ಹಣ ಎಷ್ಟು ಎಂಬಷ್ಟೇ ಯಾವಾಗ ಎಂಬುದೂ ಮುಖ್ಯ. ಕಬ್ಬು ಕೊಟ್ಟ 14 ದಿನಗಳೊಳಗೆ ಬೆಳೆಗಾರನಿಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ರೈತರು ಬಾಕಿಗಾಗಿ ರಸ್ತೆಗಿಳಿಯುವ ಮೊದಲೇ ಸಕ್ಕರೆ ಕಾರ್ಖಾನೆಗಳು ಆ ಗಡುವನ್ನು ಪಾಲಿಸುವಂತೆ ಸರ್ಕಾರ ನೋಡಿಕೊಳ್ಳಲಿ.