ಹಳೆ ಬಟ್ಟೆ, ಹೊಸ ಬಾಳಿಕೆ: ಕೊಳ್ಳುವವರಿಗೂ ಕೊಡುವವರಿಗೂ ಒಂದು ಕೈಪಿಡಿ

ನಮ್ಮ ಮನೆಗಳಲ್ಲಿ ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ, ಒಗೆದು ಒಗೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆಯನ್ನು. ಜೋಲಿ ಕಟ್ಟುವುದೂ ಅದರಲ್ಲೇ. ನೆರೆಯ ತಮಿಳು, ತೆಲುಗು ಮನೆಗಳಲ್ಲೂ ಇದೇ ರೂಢಿ. ಹೀಗಿದ್ದೂ ದೊಡ್ಡವರಾದ ಮೇಲೆ "ಇನ್ನೊಬ್ಬರು ಉಟ್ಟದ್ದು" ಎಂದರೆ ಮುಜುಗರಪಡುತ್ತೇವೆ. ಹಬ್ಬಕ್ಕೊಂದು, ಮದುವೆಗೊಂದು ಎಂದು ಅಗ್ಗದ ಬಟ್ಟೆ ಕೊಂಡು, ನಾಲ್ಕು ಒಗೆತಕ್ಕೆ ಮೂಲೆಗೆ ಹಾಕುತ್ತೇವೆ. ಹಬ್ಬದ ಖರೀದಿಗೆ ಮುನ್ನ ಸದಸ್ಯರ ಅನುಕೂಲಕ್ಕಾಗಿ ಕೆಲವು ಮಾಹಿತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಅಗ್ಗದ ಬಟ್ಟೆಯ ನಿಜವಾದ ಬೆಲೆ

ವಾರಕ್ಕೊಂದು ಹೊಸ ನಮೂನೆ ತಂದು, ಕಡಿಮೆ ಬೆಲೆಗೆ ಮಾರಿ, ಬೇಗ ಬಿಸಾಡುವಂತೆ ಮಾಡುವ ವ್ಯಾಪಾರಕ್ಕೆ ಫಾಸ್ಟ್ ಫ್ಯಾಷನ್ ಎನ್ನುತ್ತಾರೆ. ಒಂದು ಹತ್ತಿ ಟೀ ಶರ್ಟಿಗೆ, ಹೊಲದಿಂದ ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬುದು ಪರಿಸರ ಸಂಸ್ಥೆಗಳ ಅಂದಾಜು. ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ತಿರುಪ್ಪೂರೇ ಸಾಕ್ಷಿ. ಅಲ್ಲಿನ ಬಣ್ಣದ ಘಟಕಗಳ ತ್ಯಾಜ್ಯದಿಂದ ನೊಯ್ಯಲ್ ನದಿ ಕೆಟ್ಟು, ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೇಸಾಯಕ್ಕೂ ಬಾರದಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು.

ಇನ್ನು ಹೊಲಿಯುವ ಕೈಗಳು ನಮಗೆ ದೂರದವಲ್ಲ. ಬೆಳಗಿನ ಬಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮ ಬೀದಿಯವರೇ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮವನ್ನು ವಿರೋಧಿಸಿ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರು ಹೊಲಿದ ಬಟ್ಟೆಯನ್ನು ಹತ್ತು ವರ್ಷ ತೊಡುವುದು ಆ ದುಡಿಮೆಗೆ ನಾವು ಕೊಡುವ ಮರ್ಯಾದೆ.

ಕೌದಿ ಕಲಿಸುವ ಪಾಠ

ಹಳೆಯದನ್ನು ಹೊಸದಾಗಿಸುವ ವಿದ್ಯೆ ಹೊರಗಿನಿಂದ ಬಂದದ್ದಲ್ಲ. ಉತ್ತರ ಕರ್ನಾಟಕದ ಕೌದಿಯೇ ಅದಕ್ಕೆ ಒಳ್ಳೆಯ ಉದಾಹರಣೆ. ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ ಇದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುವಂತೆ ಇದನ್ನು ಹೊಲಿಯುತ್ತಾರೆ. ಈಗ ಅವರ ಕೌದಿಗಳು ದೇಶ ವಿದೇಶಗಳ ಪ್ರದರ್ಶನಗಳಲ್ಲೂ ಕಾಣಿಸಿಕೊಂಡಿವೆ.

ಕೊಳ್ಳುವಾಗ ನೋಡಬೇಕಾದದ್ದು

ಸಂತೆ, ರಸ್ತೆ ಬದಿಯ ರಾಶಿ, ಬೆಂಗಳೂರಿನ ಅಂಗಡಿ, ಪರಿಚಯದವರ ಮನೆ, ಎಲ್ಲೇ ಕೊಂಡರೂ ಇಷ್ಟನ್ನು ಗಮನಿಸಿ:

1. ಬೆಳಕಿಗೆ ಹಿಡಿದು ನೋಡಿ. ಕಂಕುಳು, ಮೊಣಕೈ, ಕೂರುವ ಜಾಗ ಸವೆದಿದ್ದರೆ ಬೇಡ.
2. ಒಳಮಗ್ಗುಲು ತಿರುಗಿಸಿ. ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಬಿಟ್ಟಿದ್ದರೆ ಟೈಲರ್ ಸಡಿಲ ಮಾಡಿಕೊಡಬಲ್ಲರು. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಜಿಪ್ ಕೆಟ್ಟಿದ್ದರೆ ಅದರ ಖರ್ಚನ್ನೂ ಲೆಕ್ಕ ಹಾಕಿ.
3. ರೇಷ್ಮೆ ಸೀರೆಯಾದರೆ ಮಡಿಕೆಗಳನ್ನು ಬಿಡಿಸಿ ನೋಡಿ. ಮೊದಲು ಸೀಳುವುದು ಅಲ್ಲೇ.
4. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬೇರೆಯಾಗಿಯೇ ಒಗೆಯಬೇಕು.
5. ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ಮನೆಗೆ ತಂದ ಮೇಲೆ ಒಂದೆಳೆ ದಾರ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.
6. ಒಳ ಉಡುಪು ಮಾತ್ರ ಹಳೆಯದು ಬೇಡ.

ತಂದ ತಕ್ಷಣ ಬೀರುವಿಗೆ ಇಡಬೇಡಿ. ಹತ್ತಿಯಾದರೆ ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಹೊಲಿಗೆಗಳ ಮೇಲೆ ಇಸ್ತ್ರಿ ಹಾಕಿ. ರೇಷ್ಮೆಯನ್ನು ನೆರಳಿನಲ್ಲೇ ಆರಿಸಿ.

ಮನೆಯಲ್ಲಿರುವುದಕ್ಕೆ ಮರುಜನ್ಮ

ಐದೂವರೆ ಮೀಟರ್ ಸೀರೆಯಲ್ಲಿ ಒಂದೆರಡು ಕಡೆ ಹರಿದಿದ್ದರೂ ಮಿಕ್ಕದ್ದು ಗಟ್ಟಿಯಾಗಿರುತ್ತದೆ. ಅಂಚು ಸೆರಗು ಉಳಿಸಿಕೊಂಡು ಮಗಳಿಗೆ ಲಂಗ ಹೊಲಿಸಬಹುದು. ಹಳೆ ರೇಷ್ಮೆಗೆ ಮೆತ್ತನೆಯ ಹತ್ತಿ ಅಸ್ತರು ಕೊಡಿಸಿದರೆ ಹೊಲಿಗೆ ಜಗ್ಗುವುದಿಲ್ಲ. ಜೀನ್ಸ್ ಪ್ಯಾಂಟಿನ ಕಾಲುಗಳಿಂದ ಸಂತೆಚೀಲ ಹೊಲಿಯಬಹುದು. ಪಂಚೆಯಿಂದ ದಿಂಬಿನ ಚೀಲವಾಗುತ್ತದೆ, ಕೊನೆಗೆ ಅದೇ ಒರೆಸುವ ಬಟ್ಟೆ. ಹೊಸದೇ ಬೇಕೆಂದಾಗ ಕೊಳ್ಳಿ, ಆದರೆ ಬಾಳಿಕೆ ಬರುವುದನ್ನು ಕೊಳ್ಳಿ.

ಕೊಡುವಾಗಲೂ ವಿವೇಕವಿರಲಿ

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಉಡಲು ಬಾರದ ಎಷ್ಟೋ ಬಟ್ಟೆ ರಸ್ತೆ ಬದಿಯಲ್ಲೇ ರಾಶಿ ಬಿತ್ತು. ಮನೆ ಮಠ ಕಳೆದುಕೊಂಡವರಿಗೂ ಮಾನವಿದೆ ಎಂಬುದನ್ನು ಕಳುಹಿಸಿದವರು ಮರೆತಿದ್ದರು. 1999ರಲ್ಲಿ ಅಂಶು ಗುಪ್ತಾ ದೆಹಲಿಯಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆ ಆ ಬಟ್ಟೆಗಳನ್ನು ಸಂಗ್ರಹಿಸಿ, ವಿಂಗಡಿಸಿ, ಬಳಕೆಗೆ ತಂದಿತು. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಒಗೆದು, ಗುಂಡಿ ಹಾಕಿ, ಮಡಿಸಿ ಕೊಡಿ. ನಮ್ಮ ಮಕ್ಕಳಿಗೆ ತೊಡಿಸಲು ಮನಸ್ಸು ಒಪ್ಪದ್ದನ್ನು ಇನ್ನೊಬ್ಬರ ಮಕ್ಕಳಿಗೆ ಕೊಡುವುದು ಬೇಡ. ಹಾಗೆ ಕೊಟ್ಟದ್ದನ್ನು ತೊಡಲು ಯಾರಿಗೂ ನಾಚಿಕೆಯಿರುವುದಿಲ್ಲ. ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ, ತಳಿ, ಬಾಗಲೂರಿನ ಸದಸ್ಯರು ಮುಂದಿನ ಸಲ ಸೇರುವಾಗ ಮಕ್ಕಳಿಗೆ ಚಿಕ್ಕದಾದ ಒಂದೊಂದು ಒಳ್ಳೆಯ ಬಟ್ಟೆ ತಂದರೆ, ಅಲ್ಲೇ ಅದಲು ಬದಲು ಮಾಡಿಕೊಳ್ಳೋಣ.