ಹೊದಿಕೆಯ ಹೂವು

ಬಣ್ಣದ ಉಣ್ಣೆಯೆಳೆಗಳಿಂದ ಹೆಣೆದ ಹೂವಿನ ಚೌಕಗಳನ್ನು ಒಂದಕ್ಕೊಂದು ಸೇರಿಸಿ ಮಾಡಿದ ಹೊದಿಕೆಯು ಅನೇಕ ಮನೆಗಳಲ್ಲಿ ಮಂಚದ ಮೇಲೆ ಕಾಣಬರುವ ವಸ್ತುವಾಗಿದೆ. ಅದನ್ನು ನೋಡಿದವರು ಬಣ್ಣಗಳ ಹೊಂದಿಕೆಯನ್ನು ಹೊಗಳುವರು. ಹೆಣೆದವಳ ತಾಳ್ಮೆಯನ್ನು ಕೊಂಡಾಡುವರು. ಬಿಡುವಿನ ವೇಳೆಯನ್ನು ಎಷ್ಟು ಚೆನ್ನಾಗಿ ಕಳೆದಿದ್ದಾಳೆಂದು ಹೇಳಿ ಮಾತನ್ನು ಮುಗಿಸುವರು. ಆದರೆ ಬಿಡುವು ಎಂಬ ಮಾತು ಈ ಹೂವಿನ ಚರಿತ್ರೆಗೆ ಅಷ್ಟಾಗಿ ಒಪ್ಪತಕ್ಕದ್ದಲ್ಲ. ಕ್ರೋಷಾ ಎಂದು ಕರೆಯಲ್ಪಡುವ ಈ ಕೊಕ್ಕೆಯ ಹೆಣಿಗೆಯು ಶ್ರೀಮಂತ ಗೃಹಗಳ ವಿನೋದವಾಗಿ ಮೊದಲು ಬೆಳಕಿಗೆ ಬಂದುದು ನಿಜವೇ. ಎಸಳಿನ ಮೇಲೆ ಎಸಳನ್ನು ಅರಳಿಸುವ ಹೂವಾದರೋ ಊಟಕ್ಕಿಲ್ಲದವರ ಬೆರಳುಗಳಲ್ಲಿ ಪಳಗಿದುದು.

ಚೌಕವನ್ನು ಹೆಣೆಯುವ ಕ್ರಮವನ್ನು ಮೊದಲು ತಿಳಿದುಕೊಂಡರೆ ಮುಂದಿನ ಸಂಗತಿಗಳು ಸ್ಪಷ್ಟವಾಗುವುವು. ಇದಕ್ಕೆ ಬೇಕಾದ ಸಲಕರಣೆ, ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಒಂದು ಕಡ್ಡಿ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಏಕಕಾಲದಲ್ಲಿ ಕಡ್ಡಿಯ ಮೇಲೆ ಬಿಡಿಯಾಗಿ ನಿಂತಿರುವುವು; ಒಂದು ಜಾರಿದರೆ ಅದರ ಕೆಳಗಿನವೆಲ್ಲ ಬಿಚ್ಚಿಕೊಳ್ಳುವ ಭಯವುಂಟು. ಕ್ರೋಷಾದಲ್ಲಿ ಒಂದು ಕುಣಿಕೆಯನ್ನು ಮುಗಿಸಿ ಬಿಗಿದಮೇಲೆಯೇ ಮುಂದಿನದು. ಆದುದರಿಂದ ಹೆಣೆಯುವವಳು ಸಾಲುಸಾಲಾಗಿಯೇ ಹೋಗಬೇಕೆಂಬ ಕಟ್ಟಿಲ್ಲ. ನಡುವಿನಿಂದ ಹೊರಟು ಸುತ್ತ ತಿರುಗಬಹುದು. ಬೇಕಾದ ಕಡೆ ಎತ್ತರಿಸಬಹುದು. ಹಿಂದಿನ ಸುತ್ತಿನ ಬೆನ್ನಿಗೂ ಕೊಕ್ಕೆಯನ್ನು ಹಾಕಬಹುದು. ಹೂವು ಹುಟ್ಟುವುದು ಈ ಸ್ವಾತಂತ್ರ್ಯದಿಂದ.

ಮೊದಲು ಕೆಲವು ಕುಣಿಕೆಗಳನ್ನು ಸರಪಳಿಯಂತೆ ಹೆಣೆದು ಉಂಗುರವಾಗಿ ಕೂಡಿಸುವರು. ಉಂಗುರದ ಸುತ್ತ ಎಂಟು ಚಿಕ್ಕ ಕಮಾನುಗಳು. ಒಂದೊಂದು ಕಮಾನಿನೊಳಗೂ ಮೊದಲು ಗಿಡ್ಡ ಕುಣಿಕೆ, ನಡುವೆ ಎತ್ತರವಾದ ಕುಣಿಕೆಗಳು, ಕೊನೆಗೆ ಮತ್ತೆ ಗಿಡ್ಡ ಕುಣಿಕೆ. ಹೀಗೆ ತುಂಬಿದ ಕಮಾನೇ ಎಸಳಾಗುವುದು. ಅನಂತರ ಈ ಎಸಳುಗಳ ಬೆನ್ನಹಿಂದೆ ಇನ್ನೂ ಉದ್ದವಾದ ಕಮಾನುಗಳನ್ನು ಕಟ್ಟಿ, ಅವುಗಳಲ್ಲಿ ದೊಡ್ಡ ಎಸಳುಗಳನ್ನು ತುಂಬುವರು. ಮೊದಲ ಸುತ್ತಿನ ಕಮಾನಿಗೆ 3 ಸರಪಳಿ ಕುಣಿಕೆಗಳಿದ್ದರೆ ಎರಡನೆಯದಕ್ಕೆ 5, ಮೂರನೆಯದಕ್ಕೆ 7 ಎಂಬುದು ಸಾಮಾನ್ಯವಾದ ಲೆಕ್ಕ. ಮುಂದಿನ ಎಸಳು ಹಿಂದಿನದರ ಕಾಲನ್ನು ಮುಚ್ಚಿ ನಿಲ್ಲುವುದರಿಂದ ಹೂವು ಚಪ್ಪಟೆಯಾಗದೆ ಉಬ್ಬಿ ಕಾಣುವುದು.

ದುಂಡನೆಯ ಹೂವನ್ನು ಚೌಕಮಾಡುವುದು ಮಾತ್ರ ಸ್ವಲ್ಪ ಜಾಣತನದ ಕೆಲಸ. ಎಂಟು ಎಸಳುಗಳಲ್ಲಿ ಒಂದು ಬಿಟ್ಟು ಒಂದರ ಹಿಂದೆ, ಒಂದೇ ಸ್ಥಳದಲ್ಲಿ ಎತ್ತರದ ಕುಣಿಕೆಗಳ ಎರಡು ಗುಂಪುಗಳನ್ನು ಹಾಕಿ, ಅವುಗಳ ನಡುವೆ ಕಿರುಸರಪಳಿಯನ್ನು ಬಿಟ್ಟರೆ ನಾಲ್ಕು ಮೂಲೆಗಳು ಮೂಡುವುವು. ಮುಂದಿನ ಸುತ್ತುಗಳಲ್ಲಿ ಎಲೆಯ ಹಸುರು, ನೆಲದ ಬಿಳುಪು, ಅಂಚಿನ ಗಾಢವರ್ಣ ಇವೆಲ್ಲ ಆ ಮೂಲೆಗಳನ್ನೇ ಹಿಡಿದು ಬೆಳೆಯುವುವು. ಮೂಲೆಯಲ್ಲಿ ಕುಣಿಕೆಗಳು ಕಡಮೆಯಾದರೆ ಚೌಕವು ಬಟ್ಟಲಿನಂತೆ ಗುಳಿಬೀಳುವುದು. ಹೆಚ್ಚಾದರೆ ಅಂಚು ಅಲೆಯಲೆಯಾಗಿ ಏಳುವುದು. ಎಣಿಕೆ ತಪ್ಪಿದರೆ ಕಣ್ಣಿಗೆ ಮರೆಮಾಡುವಂತಿಲ್ಲ. 6 ಅಡಿ ಉದ್ದ, 5 ಅಡಿ ಅಗಲದ ಹೊದಿಕೆಗೆ 4 ಅಂಗುಲದ ಚೌಕಗಳಾದರೆ 270 ಬೇಕು. ಒಂದೊಂದು ಅಡಿಯ ದೊಡ್ಡ ಚೌಕಗಳಾದರೆ 30 ಸಾಕು. ಜೋಡಿಸುವ ಶ್ರಮವು ಬಹಳ ಕಡಮೆಯಾಗುವುದಲ್ಲದೆ ದೊಡ್ಡ ಹೂವಿಗೆ ಅರಳಲು ಎಡೆಯೂ ದೊರೆಯುವುದು.

ಕ್ರೋಷಾ ಎಂಬುದು ಫ್ರೆಂಚ್ ಭಾಷೆಯ ಮಾತು. ಅದಕ್ಕೆ ಚಿಕ್ಕ ಕೊಕ್ಕೆಯೆಂದೇ ಅರ್ಥ. ಈ ಕಲೆಯು ಅತಿ ಪುರಾತನವಾದುದೆಂದು ಹೇಳುವುದು ವಾಡಿಕೆಯಾಗಿದೆ. ಮನೆಯ ಕೈಗೆಲಸವೊಂದನ್ನು ಕಂಡೊಡನೆ ಅದಕ್ಕೆ ಸಾವಿರಾರು ವರ್ಷಗಳ ಆಯುಸ್ಸನ್ನು ಹಚ್ಚುವ ಚಪಲ ಎಲ್ಲ ದೇಶಗಳಲ್ಲಿಯೂ ಉಂಟು. ಡೆನ್ಮಾರ್ಕಿನ ಲಿಸ್ ಪಾಲುದಾನ್ ಎಂಬ ವಿದುಷಿಯು ಈ ವಿಷಯವನ್ನು ಶೋಧಿಸಿ 1986ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದಳು. ಯೂರೋಪಿನಲ್ಲಿ 1800ಕ್ಕೆ ಹಿಂದೆ ಇಂದಿನ ರೀತಿಯ ಕ್ರೋಷಾ ಇದ್ದಿತೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂಬುದು ಆಕೆಯ ನಿರ್ಣಯ. ಅಚ್ಚಾದ ಮಾದರಿಗಳಲ್ಲಿ ಅತ್ಯಂತ ಹಳೆಯವು 1820ರ ದಶಕದ ಪೆನೆಲೋಪೆ ಎಂಬ ಡಚ್ ಪತ್ರಿಕೆಯವು. ಅವು ರೇಷ್ಮೆಯ ಹಣದ ಚೀಲಗಳವು. ಎಂದಮೇಲೆ ಈ ಹೆಣಿಗೆಯ ವಯಸ್ಸು ಇನ್ನೂರು ವರ್ಷಗಳಿಗಿಂತ ಬಹಳ ಹೆಚ್ಚೇನೂ ಅಲ್ಲ.

ಇದರ ಹುಟ್ಟಿನ ವಿಷಯದಲ್ಲಿ ಭರತಖಂಡಕ್ಕೆ ಸಂಬಂಧಪಟ್ಟ ಒಂದು ಮತವಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಕೊಕ್ಕೆಯುಳ್ಳ ಆರಿಯಿಂದ ಚುಚ್ಚಿ, ಕೆಳಗಿನ ಎಳೆಯನ್ನು ಮೇಲಕ್ಕೆ ಸೆಳೆದು ಸರಪಳಿಯ ಕಸೂತಿಯನ್ನು ಹಾಕುವುದು ಕಚ್ಛ ದೇಶದ ಮೋಚಿಗಳ ವೃತ್ತಿ. ಅದೇ ಬಗೆಯ ಕೆಲಸವು 18ನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಫ್ರಾನ್ಸಿಗೆ ಹೋಗಿ, ಚೌಕಟ್ಟು ಮದ್ದಳೆಯಂತಿದ್ದುದರಿಂದ ಆ ಅರ್ಥದ ಫ್ರೆಂಚ್ ಹೆಸರನ್ನೇ ಪಡೆಯಿತು. ಸೇಂಟ್ ಓಬೆನ್ ಎಂಬ ಕಸೂತಿಯ ಕಲಾವಿದನು 1770ರಲ್ಲಿ ಬರೆದ ಗ್ರಂಥದಲ್ಲಿ ಇದರ ವಿವರಣೆಯಿದೆ. ಬಟ್ಟೆಯನ್ನು ತೆಗೆದುಹಾಕಿ ಸರಪಳಿಯನ್ನು ಮಾತ್ರ ಉಳಿಸಿಕೊಂಡರೆ ಅದೇ ಕ್ರೋಷಾ ಎಂದು ಈ ಮತದವರು ವಾದಿಸುವರು. ವಾದವು ಅಂದವಾಗಿದೆ; ಇತರ ಮತಗಳೂ ಇವೆ. ಇಷ್ಟರಿಂದಲೇ ಕ್ರೋಷಾ ಹಿಂದೂದೇಶದ್ದೆಂದು ಹೆಮ್ಮೆಪಡುವುದು ಅವಸರವಾಗುವುದು.

ಹೂವಿನ ಚರಿತ್ರೆ ಐರ್ಲೆಂಡಿನದು. 1845ರಲ್ಲಿ ಆ ದೇಶದ ಆಲೂಗೆಡ್ಡೆಯ ಬೆಳೆಗೆ ರೋಗವು ತಗುಲಿತು. ಹೊಲದಲ್ಲಿ ಹಸುರಾಗಿದ್ದ ಗಿಡವು ಕೆಲವೇ ದಿನಗಳಲ್ಲಿ ಕಪ್ಪಾಗಿ, ನೆಲದೊಳಗಿನ ಗೆಡ್ಡೆ ಕೊಳೆತುಹೋಗುತ್ತಿತ್ತು. ಬಡ ಗೇಣಿದಾರರಿಗೆ ಅದೊಂದೇ ಆಹಾರ. 1852ರವರೆಗೆ ಹಬ್ಬಿದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶವನ್ನು ಬಿಟ್ಟುಹೋದರು. 1841ರ ಜನಗಣತಿಯಲ್ಲಿ 81 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು.

ಈ ದುರ್ದಿನಗಳಲ್ಲಿ ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕಿನ ಉರ್ಸುಲಿನ್ ಸಂನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಷಾ ಕಲಿಸಿ ಸಂಪಾದನೆಯ ದಾರಿಯನ್ನು ತೋರಿದರು. ಉತ್ತರದಲ್ಲಿ ಮೊನಹನ್ ಸೀಮೆಯ ಕ್ಲೋನ್ಸ್ ಎಂಬ ಊರಿಗೆ 1847ರಲ್ಲಿ ಪಾದ್ರಿಯ ಹೆಂಡತಿಯಾಗಿ ಬಂದ ಕಸಾಂಡ್ರಾ ಹ್ಯಾಂಡ್ ಎಂಬಾಕೆ, ಆ ಪ್ರಾಂತದ ಹೆಂಗಸರಿಗೆ ಅದೇ ಕೆಲಸವನ್ನು ಕಲಿಸುವ ಏರ್ಪಾಡು ಮಾಡಿದಳು. ವೆನಿಸ್ ನಗರದ ಸೂಜಿಯ ಲೇಸ್ ಆಗ ಧನಿಕರಿಗೆ ಬಹು ಪ್ರಿಯವಾಗಿದ್ದಿತು. ಅದನ್ನು ಮಾಡುವುದಕ್ಕೆ ಹಿಡಿಯುವ ಕಾಲವಾದರೋ ವಿಪರೀತ. ಕೊಕ್ಕೆಯಿಂದ ಹೆಣೆದರೆ ಅದೇ ಬಗೆಯ ಉಬ್ಬುಹೂಗಳು ಎಷ್ಟೋ ಬೇಗ ಸಿದ್ಧವಾಗುವುವು. ಬೇಕಾದ ಬಂಡವಾಳವೂ ಒಂದು ಕಡ್ಡಿ, ಒಂದು ಉಂಡೆ ನೂಲು, ಅಷ್ಟೆ. ರೀಗೋ ದ ಲ ಬ್ರಾಂಷಾರ್ಡಿಯೇರ್ ಎಂಬ ಮಹಿಳೆಯು ಈ ಐರಿಷ್ ಬಗೆಯ ಮಾದರಿಗಳನ್ನು ಪುಸ್ತಕಗಳಲ್ಲಿ ಅಚ್ಚುಹಾಕಿಸಿ ಪ್ರಚಾರಕ್ಕೆ ತಂದಳು.

ಕೆಲಸವನ್ನು ಹಂಚಿಕೊಂಡ ರೀತಿಯು ಗಮನಿಸತಕ್ಕದ್ದು. ಒಂದು ಮನೆಯವರು ಗುಲಾಬಿಯನ್ನೇ ಹೆಣೆಯುವರು. ಇನ್ನೊಂದು ಮನೆಯವರು ಎಲೆಗಳನ್ನು. ಎಸಳಿನ ಅಂಚು ಉಬ್ಬಿ ಕಾಣಲೆಂದು ದಪ್ಪನಾದ ಹುರಿಯನ್ನು ಒಳಗಿಟ್ಟು ಅದರ ಮೇಲೆ ಕುಣಿಕೆಗಳನ್ನು ಹಾಕುವರು. ಬಿಡಿಹೂಗಳೆಲ್ಲ ಸೇರಿದ ಮೇಲೆ ಬೇರೊಬ್ಬಳು ಅವುಗಳನ್ನು ನಕಾಶೆಯಿದ್ದ ಬಟ್ಟೆಯ ಮೇಲೆ ಕೂರಿಸಿ, ನಡುವಣ ಜಾಗವನ್ನು ಗಂಟುಗಂಟಿನ ಜಾಲದಿಂದ ತುಂಬಿ ಒಂದುಗೂಡಿಸುವಳು. ಆ ಗಂಟಿಗೆ ಇಂದಿಗೂ ಕ್ಲೋನ್ಸ್ ಗಂಟೆಂದೇ ಹೆಸರು. ಕೆಲವು ಮನೆತನಗಳು ತಮ್ಮ ಹೂವಿನ ಮಾದರಿಯನ್ನು ನೆರೆಯವರಿಗೆ ಕಾಣದಂತೆ ಗುಟ್ಟಾಗಿ ಕಾಪಾಡಿಕೊಂಡು ಬಂದವು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಲಕ್ಕೆ ಬದಲಾಗಿ ಅವರ ಪಾಲಿಗೆ ಉಳಿದಿದ್ದ ಆಸ್ತಿಯೇ ಆ ಎಸಳಿನ ಲೆಕ್ಕ.

ಇಷ್ಟು ಹೂಗಳನ್ನು ಹೆಣೆದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ವಿಕ್ಟೋರಿಯಾ ರಾಣಿಯು ತನ್ನ ಮುಪ್ಪಿನಲ್ಲಿ, 1900ರಲ್ಲಿ, ದಕ್ಷಿಣ ಆಫ್ರಿಕದ ಯುದ್ಧದ ಸೈನಿಕರಿಗಾಗಿ ಕ್ರೋಷಾದಿಂದ 8 ಕೊರಳಪಟ್ಟಿಗಳನ್ನು ಹೆಣೆದಳು. ಆ ಎಂಟರ ವಿವರವೂ ದಾಖಲೆಗಳಲ್ಲಿ ಉಂಟು.

ಐರ್ಲೆಂಡಿನ ಹೂವು ಬಿಳಿಯ ನೂಲಿನದು. ಹೊದಿಕೆಗೆ ಬಣ್ಣವು ಬಂದ ಬಗೆ ಬೇರೆ. 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿಯು ಚಳಿಜ್ವರದ ಮದ್ದಾದ ಕ್ವಿನೀನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟು, ಅದರ ಬದಲು ಕಲ್ಲಿದ್ದಲ ಡಾಮರಿನ ವಸ್ತುವಿನಿಂದ ಒಂದು ಊದಾಬಣ್ಣವನ್ನು ಕಂಡುಹಿಡಿದನು. ಅದರ ಬೆನ್ನಹಿಂದೆಯೇ ಕೆಂಪು, ನೀಲಿ, ಹಸುರು ಬಣ್ಣಗಳು ಒಂದೊಂದಾಗಿ ಬಂದವು. ಮೊದಮೊದಲಿನವು ಬಿಸಿಲಿಗೆ ಬೇಗ ಮಾಸುತ್ತಿದ್ದರೂ ಬೆಲೆ ಇಳಿದುದರಿಂದ ಕಣ್ಣು ಕೋರೈಸುವ ಉಣ್ಣೆಯು ಸಾಮಾನ್ಯರ ಕೈಗೂ ಸಿಕ್ಕಿತು. ಮಂಜಿಷ್ಠ, ನೀಲಿ ಮುಂತಾದ ಗಿಡಗಳ ಬಣ್ಣವನ್ನು ನಂಬಿದ್ದ ರೈತರು ಕಾಲಕ್ರಮದಲ್ಲಿ ಇದರ ಪೆಟ್ಟನ್ನು ತಿಂದರೆಂಬುದನ್ನು ಇಲ್ಲಿ ಮರೆಯಲಾಗದು.

ಚೌಕದ ಕಥೆ ಅಮೆರಿಕದ್ದು. ಐರ್ಲೆಂಡಿನಿಂದ ಹಡಗು ಹತ್ತಿದವರಲ್ಲಿ ಅನೇಕರು ಅಲ್ಲಿ ನೆಲಸಿದರು. ಕೊಕ್ಕೆಯ ಕೈಗೆಲಸವೂ ಅವರೊಡನೆ ಹೋಯಿತು. ಬಯಲುಸೀಮೆಯ ಒಕ್ಕಲು ಮನೆಗಳಲ್ಲಿ ನೂಲಿನ ತುಂಡನ್ನು ಎಸೆಯುವ ಪದ್ಧತಿಯಿರಲಿಲ್ಲ. ಉಳಿದ ಉಣ್ಣೆಯನ್ನು ಸುತ್ತಿಗೊಂದು ಬಣ್ಣವಾಗಿ ಬಳಸಿ ಚಿಕ್ಕ ಚೌಕಗಳನ್ನು ಹೆಣೆದು ಜೋಡಿಸುವ ಮಾದರಿಯು 1885ರಲ್ಲಿ ಷಿಕಾಗೋ ನಗರದ ಪ್ರೇರಿ ಫಾರ್ಮರ್ ಎಂಬ ಕೃಷಿಪತ್ರಿಕೆಯಲ್ಲಿ ಅಚ್ಚಾಯಿತು. ಈ ಬಗೆಯ ಅಚ್ಚಾದ ಮಾದರಿಗಳಲ್ಲಿ ಇದು ಮೊದಲನೆಯದೆಂದು ಎಣಿಸುವರು. ಮುಂದೆ ಇದಕ್ಕೆ ಅಜ್ಜಿಯ ಚೌಕವೆಂಬ ಹೆಸರು ಬಿದ್ದಿತು. ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಇದರ ಮನೋಧರ್ಮವನ್ನು ವಿವರಿಸಬೇಕಾಗಿಲ್ಲ: ಹಳೆಯ ಸೀರೆಯ ಅಂಚು, ಮಗುವಿನ ಅಂಗಿಯ ತುಂಡು ಇವುಗಳನ್ನು ಒಂದೇ ಹಾಸಿನಲ್ಲಿ ಕೂಡಿಸುವ ಕೈಗೂ, ಉಳಿದ ಎಳೆಗಳನ್ನು ಚೌಕದೊಳಗೆ ಸೇರಿಸುವ ಕೈಗೂ ಭೇದವಿಲ್ಲ. ಕೌದಿಯು ಹೊಲಿಗೆ, ಇದು ಹೆಣಿಗೆ ಎಂಬುದಷ್ಟೆ ವ್ಯತ್ಯಾಸ. ಐರ್ಲೆಂಡಿನ ಗುಲಾಬಿಯು ಈ ಚೌಕದ ನಡುವೆ ಬಂದು ಕುಳಿತು, ಡಾಮರಿನ ಬಣ್ಣಗಳನ್ನು ತೊಟ್ಟಾಗ ಇಂದಿನ ದೊಡ್ಡ ಹೂಚೌಕವು ಪೂರ್ಣವಾಯಿತು.

ಯಂತ್ರಗಳು ಇದನ್ನು ಸುಮ್ಮನೆ ಬಿಡಲಿಲ್ಲ. 1880ರ ದಶಕದಲ್ಲಿ, ಕಸೂತಿಯ ಯಂತ್ರದಿಂದ ಬಟ್ಟೆಯ ಮೇಲೆ ಹೂಗಳನ್ನು ಹೊಲಿದು, ಬಟ್ಟೆಯನ್ನು ಮಾತ್ರ ರಾಸಾಯನಿಕ ದ್ರವದಲ್ಲಿ ಕರಗಿಸಿ ಲೇಸನ್ನು ಉಳಿಸುವ ಉಪಾಯವನ್ನು ಕಂಡುಹಿಡಿದರು. ಅದು ಕ್ರೋಷಾದ ಹೊರರೂಪವನ್ನು ಹೋಲುತ್ತಿತ್ತು. ಮೊದಲನೆಯ ಮಹಾಯುದ್ಧದ ವೇಳೆಗೆ ಉಡುಪಿನ ಅಭಿರುಚಿಯೂ ಬದಲಾಗಿ ಐರ್ಲೆಂಡಿನ ವ್ಯಾಪಾರವು ಕುಗ್ಗಿತು. ಆದರೂ ಒಂದು ಸಂಗತಿಯು ಹಾಗೆಯೇ ಉಳಿದಿದೆ. ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರವು ಎಂದೋ ವಶಮಾಡಿಕೊಂಡಿತು. ಎಸಳಿನ ಬೆನ್ನಿಗೆ ಹೋಗಿ, ಸುತ್ತ ತಿರುಗಿ, ಮೂಲೆಯಲ್ಲಿ ಎಣಿಸಿ ಹೆಣೆಯುವ ಕ್ರೋಷಾ ಹೂಚೌಕವನ್ನು ಅಂಗಡಿಗೆ ಒದಗಿಸುವ ಯಂತ್ರವು ಇನ್ನೂ ಬಂದಿಲ್ಲ. ಆದುದರಿಂದ ಮಾರಾಟಕ್ಕಿಟ್ಟ ಇಂಥ ಚೌಕ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಯಾರೋ ಕೈಯಿಂದ ಹೆಣೆದಿರಲೇಬೇಕು.

ಆ ಕೈಗಳನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಆಂಧ್ರದ ಗೋದಾವರಿಯ ಮುಖಜಭೂಮಿಯಲ್ಲಿರುವ ನರಸಾಪುರದ ಸುತ್ತಮುತ್ತ, 19ನೆಯ ಶತಮಾನದ ಮಿಷನರಿಗಳು ಕಲಿಸಿದ ಕ್ರೋಷಾ ಲೇಸ್ ಕೆಲಸವು ಇಂದೂ ನಡೆಯುತ್ತಿದೆ. ಹತ್ತಿಯ ನೂಲಿನ ಹೂಚೌಕಗಳು ಅಲ್ಲಿ ಮೇಜಿನ ಹಾಸು, ಮಂಚದ ಹೊದಿಕೆಗಳಾಗಿ ಪರದೇಶಗಳಿಗೆ ಹೋಗುವುವು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ನೆಲಸಿ ವಿಚಾರಿಸಿ, 1982ರಲ್ಲಿ ಆ ಹೆಂಗಸರ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದಳು. ಆಕೆ ಕಂಡ ಕಾಲದಲ್ಲಿ ವರ್ತಕನು ನೂಲನ್ನು ಮನೆಗೆ ಕಳುಹಿಸುವನು. ಹೆಂಗಸರು ಅಡುಗೆ, ಮಕ್ಕಳು, ನೀರು ಇವುಗಳ ನಡುವೆ ದಿನಕ್ಕೆ ಆರೆಂಟು ಗಂಟೆಗಳ ಕಾಲ ಹೆಣೆಯುವರು. ದೊರೆಯುವ ಕೂಲಿಯು ಹೊಲದಲ್ಲಿ ದುಡಿಯುವ ಹೆಂಗಸಿನ ಕೂಲಿಗಿಂತಲೂ ಬಹಳ ಕಡಮೆ. ಇದಕ್ಕೆ ವರ್ತಕರು ಹೇಳುತ್ತಿದ್ದ ಸಮಾಧಾನವೇನೆಂದರೆ, ಇವರು ಕೆಲಸಗಾರರಲ್ಲ, ಮನೆಯೊಡತಿಯರು. ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾರೆ. ಹೆಣೆಯುವವರಲ್ಲಿಯೂ ಹಲವರು ಹಾಗೆಯೇ ನಂಬಿದ್ದರೆಂಬುದು ಇನ್ನೂ ಶೋಚನೀಯವಾದ ಸಂಗತಿ. ಲೆಕ್ಕದ ಪುಸ್ತಕದಲ್ಲಿ ನೂಲಿನ ಬೆಲೆಯಿತ್ತು, ಹಡಗಿನ ಬಾಡಿಗೆಯಿತ್ತು. ಆರೆಂಟು ಗಂಟೆಗಳ ಕಾಲ ಎಲ್ಲಿಯೂ ಇರಲಿಲ್ಲ.

2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಿಯ ಮಾನ್ಯತೆಯು ದೊರೆತು ಊರಿನ ಹೆಸರಿಗೆ ರಕ್ಷಣೆಯಾಯಿತು. ಕೆಲಸದ ಹಂಚಿಕೆಯಾದರೋ ಐರ್ಲೆಂಡಿನ ಕ್ಷಾಮಕಾಲದ ಹೆಂಗಸರಿಗೆ ಪರಿಚಿತವೆನಿಸಬಹುದಾದದ್ದೇ: ಒಬ್ಬಳು ಹೂವನ್ನು ಹೆಣೆಯುವಳು, ಮತ್ತೊಬ್ಬಳು ಹೂವಿಗೆ ಹೂವನ್ನು ಸೇರಿಸುವಳು. ಈ ಜೋಡಣೆಗೆ ತೆಲುಗಿನಲ್ಲಿ ಅತುಕುಪನಿ ಎಂದು ಹೆಸರು.