ಕಥೆಯ ಪೋಷಕರು

ಕೃಷ್ಣಾನದಿಯ ಉತ್ತರ ದಡದಲ್ಲಿ, ಇಂದಿನ ವಿಜಯವಾಡ ನಗರವನ್ನು ಮೇಲಿನಿಂದ ನೋಡುತ್ತ ನಿಂತಿರುವ ಇಂದ್ರಕೀಲಾದ್ರಿಯನ್ನು ಯಾತ್ರಿಕರು ಕನಕದುರ್ಗೆಯ ಸನ್ನಿಧಾನವೆಂದು ಬಲ್ಲರು. ಅಲ್ಲಿಯ ಐತಿಹ್ಯವಾದರೋ ಅದನ್ನು ಅರ್ಜುನನು ಪಾಶುಪತಾಸ್ತ್ರವನ್ನು ಬಯಸಿ ತಪಸ್ಸಿಗೆ ನಿಂತ, ಕಿರಾತವೇಷದ ಪರಮೇಶ್ವರನೊಡನೆ ಸೆಣಸಿ ಸೋತು ಗೆದ್ದ ತಾಣವೆಂದು ಕೊಂಡಾಡುತ್ತದೆ. ಆ ಬೆಟ್ಟಕ್ಕೆ ಸಂಬಂಧಿಸಿದ ಒಂದು ಪ್ರಾಚೀನ ಶಿಲಾಸ್ತಂಭವುಂಟು. ಅದರ ಮೇಲೆ ಕಿರಾತಾರ್ಜುನೀಯದ ಪ್ರಸಂಗಗಳನ್ನು ಬಿಡಿಬಿಡಿಯಾದ ಚೌಕಗಳಲ್ಲಿ ಕೆತ್ತಿದ್ದಾರೆ; ನೋಡುವವನು ಒಂದನ್ನು ಮುಗಿಸಿ ಮತ್ತೊಂದಕ್ಕೆ ಸಾಗಬೇಕು. ಕಥೆಯನ್ನು ಕಂತುಗಳಾಗಿ ಒಡೆದು ಕಣ್ಣಿಗೆ ಕಾಣಿಸುವ ಕಲೆ ಈ ದೇಶದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಆ ಸ್ತಂಭದಲ್ಲಿ ಶಿಲ್ಪಕ್ಕಿಂತಲೂ ಕುತೂಹಲಕರವಾದುದು ಅದರ ಶಾಸನ. ಅದನ್ನು ನಿಲ್ಲಿಸಿದವನು ತ್ರಿಕೋಟಿಬೋಯಿ ಎಂಬಾತ. ಹಿಂದೆ ಇಂದ್ರನ ಅಪ್ಪಣೆಯಂತೆ ಅರ್ಜುನನಿಗೆ ಇಂದ್ರಕೀಲದ ದಾರಿಯನ್ನು ತೋರಿದ ಯಕ್ಷನೇ ಆತನೆಂದು ಶಾಸನವು ಸಾರುತ್ತದೆ. ಕಥೆಯನ್ನು ಕಲ್ಲಿನಲ್ಲಿ ಕಡೆಯಿಸಲು ದ್ರವ್ಯವನ್ನು ಕೊಟ್ಟವನು ತಾನೇ ಕಥೆಯೊಳಗೆ ಪ್ರವೇಶಿಸಿ, ಅಲ್ಲೊಂದು ಪಾತ್ರವನ್ನು ವಹಿಸಿಕೊಂಡುಬಿಟ್ಟನು! ಇದು ಒಬ್ಬನ ಚಪಲವೆಂದು ನಕ್ಕು ಬಿಡುವ ಮಾತಲ್ಲ. ಯಾರ ಪೂರ್ವಿಕರು ಇದೇ ವೆಂಗಿಮಂಡಲದವರೋ ಆ ಪಂಪಕವಿಯೂ ಸುಮಾರು 941ರಲ್ಲಿ ತನ್ನ ಭಾರತವನ್ನು ರಚಿಸಿದಾಗ, ಆಶ್ರಯದಾತನಾದ ವೇಮುಲವಾಡದ ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸಿದನಲ್ಲವೆ? ಕಥೆಗೆ ಅನ್ನವಿಕ್ಕಿದವನ ನೆರಳು ಕಥೆಯ ಮೇಲೆ ಬಿದ್ದೇ ತೀರುತ್ತದೆ. ಅದರ ಆಕಾರವನ್ನೂ ಅಂತ್ಯವನ್ನೂ ಹಲವೊಮ್ಮೆ ಅವನೇ ನಿರ್ಣಯಿಸುತ್ತಾನೆ. ಸಾವಿರ ವರ್ಷಗಳ ತರುವಾಯ ಅಮೆರಿಕದಲ್ಲಿ ಹುಟ್ಟಿ ನಮ್ಮ ಮನೆಗಳ ಒಳಗಿನವರೆಗೂ ಬಂದ ದೂರದರ್ಶನ ಧಾರಾವಾಹಿಯ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದರೆ ಅನೇಕ ಸಂಗತಿಗಳು ತಿಳಿಯಾಗುತ್ತವೆ.

ಅದಕ್ಕೆ ಮುನ್ನ ನಮ್ಮದೇ ರೂಢಿಯನ್ನು ನೆನೆಯಬೇಕು. ಕನ್ನಡ ನಾಡಿನಲ್ಲಿ ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ಹೇಳುವುದು ವಿರಾಮದ ವಿನೋದವಾಗಿರದೆ ಒಂದು ವ್ರತವೇ ಆಗಿದ್ದಿತು. ಚಾತುರ್ಮಾಸದ ಸಂಜೆಗಳಲ್ಲಿ ದೇವಾಲಯದ ಜಗಲಿಯ ಮೇಲೆ ಗಮಕಿಯು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ವಾಚಿಸುವನು. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವನು. ಒಂದು ಸಂಧಿ ಮುಗಿದರೆ ಮಂಗಳ, ಉಳಿದುದು ನಾಳೆಗೆ. ಕೇಳುವವರಲ್ಲಿ ಅಂತ್ಯವನ್ನರಿಯದವನು ಒಬ್ಬನೂ ಇರಲಿಲ್ಲ. ಕರ್ಣನು ಮಡಿಯುವನೆಂದು ಬಲ್ಲ ಮುದುಕಿಯೂ ಆ ದಿನ ಕಣ್ಣೀರಿಡುತ್ತಲೇ ಮನೆಗೆ ಹೋಗುವಳು. ಮುಂದೇನಾಗುವುದೆಂಬ ಆತಂಕವಲ್ಲ, ಅದು ಹೇಗಾಗುವುದೆಂಬ ಆಸ್ಥೆಯೇ ಅಲ್ಲಿ ಜನರನ್ನು ಹಿಡಿದಿಡುತ್ತಿದ್ದಿತು. ಈ ಕಥೆಯ ಪೋಷಕರು ಊರಿನ ಹತ್ತು ಸಮಸ್ತರು; ಅವರಿಗೆ ಬೇಕಾದುದು ಪುಣ್ಯ, ಮತ್ತು ಪುಣ್ಯವು ದೊರೆಯಬೇಕಾದರೆ ಗ್ರಂಥವು ಮುಗಿಯಲೇಬೇಕು.

ಅಮೆರಿಕದ ಧಾರಾವಾಹಿಗೆ ಇಂಥ ಮಂಗಳವಿರಲಿಲ್ಲ. 1930ರಲ್ಲಿ ಶಿಕಾಗೋ ನಗರದ ಬಾನುಲಿಯಲ್ಲಿ ಇರ್ನಾ ಫಿಲಿಪ್ಸ್ ಎಂಬ ಲೇಖಕಿಯು ಗೃಹಿಣಿಯರಿಗಾಗಿ ಪ್ರತಿದಿನದ ಕೌಟುಂಬಿಕ ಕಥೆಯೊಂದನ್ನು ಆರಂಭಿಸಿದಳು. ಮನೆಗೆಲಸದ ನಡುವೆ ಕಿವಿಗೊಡುವ ಆ ಗೃಹಿಣಿಯರೇ ಸಾಬೂನನ್ನು ಕೊಳ್ಳುವವರೆಂಬುದನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮೊದಲಾದ ಸಾಬೂನು ಕಂಪನಿಗಳು ಬಹುಬೇಗ ಕಂಡುಕೊಂಡವು. ‘ಸೋಪ್ ಆಪರಾ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿದ್ದು ಹೀಗೆ. ಅವಳದೇ ಸೃಷ್ಟಿಯಾದ ‘ಗೈಡಿಂಗ್ ಲೈಟ್’ 1937ರ ಜನವರಿ 25ರಂದು ಬಾನುಲಿಯಲ್ಲಿ ಮೊದಲಾಗಿ, 1952ರಲ್ಲಿ ದೂರದರ್ಶನಕ್ಕೆ ದಾಟಿ, 2009ರ ಸೆಪ್ಟೆಂಬರಿನವರೆಗೆ, ಎಂದರೆ ಎಪ್ಪತ್ತೆರಡು ವರ್ಷಗಳ ಕಾಲ ನಡೆಯಿತು. ಸಾಬೂನನ್ನು ಮಾರುವವನಿಗೆ ಕಥೆಯು ಮುಗಿಯುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಆದುದರಿಂದ ಸತ್ತವರು ಮರಳುವರು, ಮರೆತವರು ನೆನೆಯುವರು, ಮದುವೆಗಳು ಮುರಿದು ಮತ್ತೆ ಕೂಡುವುವು. 1978ರಲ್ಲಿ ಬಂದ ‘ಡಾಲಸ್’ ಈ ಆತಂಕಕಲೆಯನ್ನು ಪರಾಕಾಷ್ಠೆಗೇರಿಸಿತು: ನಾಯಕನ ಮೇಲೆ ಗುಂಡು ಹಾರಿಸಿದವರಾರೆಂಬ ಒಂದೇ ಪ್ರಶ್ನೆಯನ್ನು ತಿಂಗಳುಗಟ್ಟಲೆ ತೂಗಾಡಿಸಿ, 1980ರ ನವೆಂಬರ್ 21ರಂದು ಅದನ್ನು ಬಿಡಿಸಿದಾಗ, ಎಂಟು ಕೋಟಿಗೂ ಮಿಕ್ಕ ಅಮೆರಿಕನ್ನರು ಅದನ್ನು ನೋಡಿದರೆಂದು ಅಂದಾಜು.

ಆ ದೇಶದ ಋಣವು ನಮ್ಮ ಮೇಲೆ ಮೊದಲು ಬಿದ್ದದ್ದು ಕಥೆಯ ಮೂಲಕವಲ್ಲ, ಯಂತ್ರದ ಮೂಲಕ. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಭಾರತವು ‘ಸೈಟ್’ ಎಂಬ ಪ್ರಯೋಗವನ್ನು ನಡೆಯಿಸಿತು. ಕರ್ನಾಟಕವೂ ಆಂಧ್ರವೂ ಆ ಆರರಲ್ಲಿ ಸೇರಿದ್ದವು. ಗುಲ್ಬರ್ಗದ ಕಡೆಯ ಹಳ್ಳಿಗರು ಸಾರ್ವಜನಿಕ ಸ್ಥಳದಲ್ಲಿಟ್ಟ ಒಂದು ಪೆಟ್ಟಿಗೆಯ ಮುಂದೆ ಸಂಜೆ ನೆರೆದು, ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಮಾತನ್ನು ಕನ್ನಡದಲ್ಲಿ ಕೇಳಿದರು. ಉಪಗ್ರಹವನ್ನು ಒಪ್ಪಂದದಂತೆ ಹಿಂದಿರುಗಿಸಿದ ಮೇಲೆ, ಪ್ರಯೋಗದ ಉತ್ತರಭಾಗವಾಗಿ 1977ರಲ್ಲಿ ಗುಲ್ಬರ್ಗಕ್ಕೆ ಪ್ರಸಾರಕೇಂದ್ರವು ದೊರೆಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಕಲ್ಯಾಣ ಕರ್ನಾಟಕದ ರೈತನು ದೂರದರ್ಶನವನ್ನು ಕಂಡನೆಂಬುದು ನಮ್ಮ ಆಧುನಿಕ ಚರಿತ್ರೆಯ ಅಪೂರ್ವ ಸಂಗತಿಗಳಲ್ಲೊಂದು. ಇಲ್ಲಿ ಪೋಷಕನು ಸರಕಾರ. ಅದರ ನೆರಳು ಉಪದೇಶದ ರೂಪದಲ್ಲಿ ಬಿದ್ದಿತು.

1984ರ ಜುಲೈ 7ರಂದು ಆರಂಭವಾಗಿ ನೂರೈವತ್ತಕ್ಕೂ ಮಿಕ್ಕ ಕಂತುಗಳಷ್ಟು ನಡೆದ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿಯಲ್ಲಿ ವ್ಯಾಪಾರಿಯ ಮತ್ತು ಸರಕಾರದ ಈ ಎರಡು ನೆರಳುಗಳೂ ಒಂದಾದವು. ಸಮಾಜಹಿತವನ್ನು ಕೌಟುಂಬಿಕ ಕಥೆಯೊಳಗೆ ಬೆರಸುವ ವಿಧಾನವನ್ನು ಮೆಕ್ಸಿಕೋ ದೇಶದ ಮಿಗೆಲ್ ಸಬೀದೋ ರೂಪಿಸಿದ್ದನು. ಸರಕಾರವು ಅದನ್ನು ಅಲ್ಲಿಂದ ತಂದಿತು, ಹಣವನ್ನು ಮ್ಯಾಗಿ ನೂಡಲ್ಸ್ ಕಂಪನಿಯು ಒದಗಿಸಿತು, ಕಂತಿನ ಕೊನೆಯಲ್ಲಿ ಚಿತ್ರನಟ ಅಶೋಕ್ ಕುಮಾರನು ನಮ್ಮ ವ್ಯಾಖ್ಯಾನಕಾರನಂತೆ ಕಾಣಿಸಿಕೊಂಡು ಇಂಗಿತವನ್ನು ಬಿಡಿಸಿದನು. ಅನಂತರ ಶಂಕರನಾಗ್ ಆಗುಂಬೆಯ ಬೀದಿಗಳಲ್ಲಿ ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ನಿಲ್ಲಿಸಿದರು. ಆದರೆ ಕನ್ನಡಿಗರ ಕೈಯಿಂದ ಮೂಡಿದ ಆ ಸೊಗಸಾದ ಕೃತಿಯು ಮಾತನಾಡಿದ್ದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ, ಏಕೆಂದರೆ ಅಖಿಲಭಾರತದ ಪೋಷಣೆಗೆ ಅಖಿಲಭಾರತದ ಭಾಷೆ ಬೇಕಾಗಿದ್ದಿತು. ‘ಗೈಡಿಂಗ್ ಲೈಟ್’ ಹುಟ್ಟಿದ ದಿನಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ 1987ರ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿಯು ಮೊದಲಾಯಿತು. ಅದರ ಹಿಂದೆಯೇ ಮಹಾಭಾರತವೂ ಬಂದಿತು. ಅಂತ್ಯವನ್ನು ಬಲ್ಲ ಪ್ರೇಕ್ಷಕನು ಪುನಃ ದೊರಕಿದನು.

ಅಮೆರಿಕದಲ್ಲಿಯೂ ಇಂಥದೊಂದು ಪರಿವರ್ತನೆಯು ಬೇರೆ ದಾರಿಯಿಂದ ಬಂದಿತು. ಚಂದಾಹಣದಿಂದಲೇ ಬಾಳುವ ಎಚ್‌ಬಿಒ ವಾಹಿನಿಗೆ ಸಾಬೂನಿನ ಹಂಗಿರಲಿಲ್ಲ. 1999ರಲ್ಲಿ ‘ದ ಸೊಪ್ರಾನೋಸ್’, 2002ರಲ್ಲಿ ‘ದ ವೈರ್’ ಅಲ್ಲಿ ಮೂಡಿದವು. ಪತ್ರಿಕಾವರದಿಗಾರನಾಗಿದ್ದ ಡೇವಿಡ್ ಸೈಮನ್ ರಚಿಸಿದ ಎರಡನೆಯದು, ಬಾಲ್ಟಿಮೋರ್ ನಗರವನ್ನು ಐದು ಪರ್ವಗಳಲ್ಲಿ ಶೋಧಿಸುತ್ತದೆ: ಮಾದಕವಸ್ತುಗಳ ಬೀದಿ, ಬಂದರು, ಪುರಸಭೆಯ ರಾಜಕೀಯ, ಶಾಲೆ, ಪತ್ರಿಕೆ. ಅರವತ್ತು ಕಂತುಗಳಾಗುತ್ತಲೇ ಅದು ಮುಗಿಯಿತು. ಈ ಮಾದರಿಯ ಗೌರವವನ್ನು ಕಂಡ ಜಾಹೀರಾತಿನ ವಾಹಿನಿಗಳೂ ಅದನ್ನು ಅನುಸರಿಸಲಾಗಿ, 2008ರಿಂದ 2013ರವರೆಗೆ ನಡೆದ ‘ಬ್ರೇಕಿಂಗ್ ಬ್ಯಾಡ್’ ಒಬ್ಬ ಬಡ ಉಪಾಧ್ಯಾಯನ ಅಧಃಪತನವನ್ನು 62 ಕಂತುಗಳಲ್ಲಿ ಹೇಳಿ ಮುಗಿಸಿತು. ಅಮೆರಿಕದ ಧಾರಾವಾಹಿಗಳಲ್ಲಿ ನೋಡತಕ್ಕವು ಯಾವುವೆಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ತಮ್ಮ ಅಂತ್ಯವನ್ನು ಕಂಡುಕೊಂಡು ಅದರತ್ತ ನಡೆದವುಗಳನ್ನು ನೋಡಿರಿ.

ಆದರೆ ಕನ್ನಡಿಗನು ಅವನ್ನು ತನ್ನ ಭಾಷೆಯಲ್ಲಿ ನೋಡುವ ದಾರಿಯು ಬಹುಕಾಲ ಮುಚ್ಚಿದ್ದಿತು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು, ಆಗಿನ್ನೂ ದುರ್ಬಲವಾಗಿದ್ದ ಕನ್ನಡ ಚಿತ್ರೋದ್ಯಮವನ್ನು ಉಳಿಸಲೆಂದು ಡಬ್ಬಿಂಗನ್ನು ವಿರೋಧಿಸಿದರು. ಆ ರಕ್ಷಣೆಯು ಕ್ರಮೇಣ ಕಿರುತೆರೆಗೂ ಹಬ್ಬಿತು. 2012ರಲ್ಲಿ ‘ಸತ್ಯಮೇವ ಜಯತೇ’ ಕಾರ್ಯಕ್ರಮವು ವಿಜಯವಾಡದ ಮನೆಗಳಲ್ಲಿ ತೆಲುಗಿನಲ್ಲಿ ಮಾತನಾಡಿತು, ಕನ್ನಡದಲ್ಲಿ ಮಾತನಾಡಲಿಲ್ಲ. ಈ ರಕ್ಷಣೆಯ ಫಲವನ್ನು ಅಲ್ಲಗಳೆಯಲಾಗದು: ಟಿ. ಎನ್. ಸೀತಾರಾಮರ ‘ಮಾಯಾಮೃಗ’, ‘ಮುಕ್ತ’ಗಳಂತಹ ಸ್ವತಂತ್ರ ಕೃತಿಗಳು ಈ ಆವರಣದೊಳಗೇ ಬೆಳೆದು, ನಮ್ಮ ನ್ಯಾಯಾಲಯವನ್ನೂ ರಾಜಕೀಯವನ್ನೂ ನಡುಮನೆಯ ಚರ್ಚೆಗೆ ತಂದವು. ಆದರೆ ಅದೇ ಆವರಣದೊಳಗೆ, ಟಿಆರ್‌ಪಿ ಎಂಬ ವಾರವಾರದ ಲೆಕ್ಕಕ್ಕೆ ತಲೆಬಾಗಿದ, ಸಾವಿರ ಕಂತು ದಾಟಿದರೂ ಮುಗಿಯದ ಕಥೆಗಳೂ ಬೆಳೆದವು.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ನಿರ್ಬಂಧವನ್ನು ಅಕ್ರಮವೆಂದು ತೀರ್ಮಾನಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಂಗಾಳಿಗೆ ಡಬ್ ಆದ ಮಹಾಭಾರತ ಧಾರಾವಾಹಿಯನ್ನು ತಡೆದ ಮೊಕದ್ದಮೆಯಲ್ಲಿ, ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. 2020ರ ಲಾಕ್‌ಡೌನ್ ಕಾಲದಲ್ಲಿ, ಚಿತ್ರೀಕರಣಗಳೆಲ್ಲ ನಿಂತಿರಲು, ಡಬ್ ಆದ ಮಹಾಭಾರತವೇ ಕನ್ನಡದ ವಾಹಿನಿಯಲ್ಲಿ ಪ್ರಸಾರವಾಗಿ ಆ ಬಾಗಿಲು ತೆರೆಯಿತು.

ಈಗ ಚಂದಾ ತೆತ್ತು ನೋಡುವ ವೇದಿಕೆಗಳು ಬಂದಿರುವುದರಿಂದ, ರಾಜನೂ ಸರಕಾರವೂ ಸಾಬೂನಿನ ವ್ಯಾಪಾರಿಯೂ ಕುಳಿತಿದ್ದ ಪೀಠದಲ್ಲಿ ಸಾಮಾನ್ಯ ಪ್ರೇಕ್ಷಕನು ತಾನೇ ಬಂದು ಕುಳಿತಿದ್ದಾನೆ. ಪೋಷಕನ ಅಭಿರುಚಿಯಂತೆ ಕಥೆಯೆಂಬ ನಿಯಮವು ಅವನ ಪಾಲಿಗೂ ಸಡಿಲವಾಗುವುದಿಲ್ಲ. ಮಿತವಾದ ಕಂತುಗಳ, ಪ್ರಾಮಾಣಿಕವಾದ ಅಂತ್ಯದ ಕಥೆ ಕನ್ನಡದಲ್ಲಿ ಬೇಕೆಂದು ಅವನು ಹಣ ತೆತ್ತು ಕೇಳಿದರೆ ಅದನ್ನು ಬರೆಯಬಲ್ಲವರು ನಮ್ಮಲ್ಲಿದ್ದಾರೆ; ಕೇಳದೆ ಹೋದರೆ, ಮುಗಿಯದ ಕಥೆಗಾಗಿ ಇನ್ನು ವ್ಯಾಪಾರಿಯನ್ನು ದೂರುವ ಹಕ್ಕು ಅವನಿಗಿಲ್ಲ.